ಎರಡು ಬೆರಳು ಎಡಕ್ಕೆ

ಜಾಕಣ್ಣನ ಹೆಂಡತಿ ಕೊನೆಯದಾಗಿ ಆಡಿದ ಮಾತು ಇದು: "ರೀ, ಈ ಹಾಸಿಗೆ ಎಡಕ್ಕೆ ವಾಲಿದೆ ಕಣ್ರೀ."

ಈ ಮಾತು ಆರೋಗ್ಯ ಇಲಾಖೆಯ ದಾಖಲೆಯಲ್ಲಿದೆ. ಕ್ರಮಸಂಖ್ಯೆ ಇನ್ನೂರ ಆರು. 'ರೋಗಿಯ ದೂರು' ಎಂಬ ಅಂಕಣದಲ್ಲಿ ಸಿಸ್ಟರ್ ತಮ್ಮ ಕೈಯಾರೆ ಬರೆದಿದ್ದಾರೆ. ಪಕ್ಕದ ಅಂಕಣ 'ವಿಲೇವಾರಿ'. ಅಲ್ಲಿ 'ನಿರಾಧಾರ' ಎಂದು ಮೊಹರು ಒತ್ತಲಾಗಿದೆ.

ಆಕೆ ತೀರಿಕೊಂಡದ್ದು ಇಲಾಖೆಯ ಸಂಚಾರಿ ಆರೈಕೆ ವಾಹನದಲ್ಲಿ. ಅದು ಮೊದಲು ಯಾರೋ ಉಳ್ಳವರು ಸಂಸಾರ ಸಮೇತ ಊರೂರು ಸುತ್ತಲು ಇಟ್ಟುಕೊಂಡಿದ್ದ ಮನೆಗಾಡಿ. ಒಳಗೆ ಮೆತ್ತನೆ ಹಾಸಿಗೆ, ಸಿಂಕು, ಒಲೆ, ಕಕ್ಕಸು ಎಲ್ಲ ಇತ್ತು. ಇಲಾಖೆ ಕೊಂಡುಕೊಂಡ ಮೇಲೆ ಒಲೆ ತೆಗೆದು ಔಷಧಿ ಬೀರು ಇಟ್ಟರು. ಮೆತ್ತನೆ ಹಾಸಿಗೆ ತೆಗೆದು ಬಲಗೋಡೆಗೆ ಒಂದು ಕಬ್ಬಿಣದ ಮಂಚ ಹಾಕಿದರು. ಮೆತ್ತನೆ ಹಾಸಿಗೆ ಎಲ್ಲಿಗೆ ಹೋಯಿತು ಎಂಬುದು ಈ ಕಡತಕ್ಕೆ ಸಂಬಂಧಿಸಿದ್ದಲ್ಲ.

ಗಾಡಿಯ ಹೊಟ್ಟೆಯ ಕೆಳಗೆ, ನಾಲ್ಕು ಮೂಲೆಗೆ ನಾಲ್ಕು ಎಣ್ಣೆ ಜಾಕುಗಳಿವೆ. ನಿಲ್ಲಿಸಿದ ಕಡೆ ನೆಲ ಏರುಪೇರಾಗಿದ್ದರೆ ಒಂದು ಗುಂಡಿ ಒತ್ತಬೇಕು. ನಾಲ್ಕು ಕಾಲೂ ಕೆಳಗಿಳಿದು, ಒಂದು ಹೆಚ್ಚು ಒಂದು ಕಡಿಮೆ ಎತ್ತಿ, ಗಾಡಿಯನ್ನು ಮಟ್ಟಕ್ಕೆ ತರುತ್ತವೆ. ಮಟ್ಟಕ್ಕೆ ಬಂದರೆ ಹಸಿರು ದೀಪ ಹತ್ತುತ್ತದೆ.

ಆವತ್ತು ಹಸಿರು ದೀಪ ಉರಿಯುತ್ತಿತ್ತು. ಆದ್ದರಿಂದ ನಿರಾಧಾರ.

ಹಾಸಿಗೆ ವಾಲಿದ್ದರಿಂದ ಆಕೆ ಸತ್ತಳು ಎಂದು ಜಾಕಣ್ಣ ಎಲ್ಲೂ ಹೇಳಿಲ್ಲ. ಕಾಯಿಲೆ ಎರಡು ವರ್ಷದ್ದು. ಆಕೆಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನ ತಕರಾರು ಒಂದೇ ಪದದ ಮೇಲೆ.

ಆ ಪದ ಮನೆಗೆ ಅಂಚೆಯಲ್ಲಿ ಬಂತು. ರೋಗಿಯ ದೂರನ್ನು ಮೂವತ್ತು ದಿನದೊಳಗೆ ವಿಲೇವಾರಿ ಮಾಡಿ ರೋಗಿಗೆ ತಿಳಿಸಬೇಕೆಂದು ನಿಯಮವಿದೆ. ತಿಳಿಸುವ ಹೊತ್ತಿಗೆ ರೋಗಿ ಇರಬೇಕೆಂದು ನಿಯಮವಿಲ್ಲ. ಹಾಗಾಗಿ ಲಕೋಟೆಯ ಮೇಲೆ ಆಕೆಯ ಹೆಸರೇ ಇತ್ತು.

ಜಾಕಣ್ಣ ಓದಿದ್ದು ನಾಲ್ಕನೇ ತರಗತಿ. ಲಾರಿ, ಟಿಪ್ಪರುಗಳ ಜಾಕು ರಿಪೇರಿ ಮಾಡುತ್ತಾನೆ. ಉದ್ದದ ಕಾಗದ ಬಂದರೆ ಭಾಮೈದ ಓದಿ ಹೇಳಬೇಕು. ಭಾಮೈದನದು ಅದೇ ಬೀದಿಯಲ್ಲಿ ಸೈಕಲ್ ಅಂಗಡಿ. ಅವನು ಕೈಯ ಗ್ರೀಸು ಒರೆಸಿಕೊಂಡು ನಿಂತಲ್ಲೇ ಓದಿದ.

"ತಮ್ಮ ದೂರನ್ನು ಪರಿಶೀಲಿಸಲಾಗಿ, ಸದರಿ ಸಮಯದಲ್ಲಿ ಹಸಿರು ದೀಪವು ಉರಿಯುತ್ತಿದ್ದ ಕಾರಣ, ಹಾಸಿಗೆಯು ಸಮತಟ್ಟಾಗಿತ್ತೆಂದು ತೀರ್ಮಾನಿಸಲಾಗಿದೆ. ಇನ್ನು ಮುಂದೆ ತಾವು ಇಂತಹ ದೂರು ನೀಡುವ ಮುನ್ನ ದೀಪದ ಬಣ್ಣವನ್ನು ಗಮನಿಸತಕ್ಕದ್ದು."

"ಏನಂತೆ?" ಅಂದ ಜಾಕಣ್ಣ.

"ಅಕ್ಕ ಹೇಳಿದ್ದು ಸುಳ್ಳಂತೆ ಭಾವ."

"ಯಾರಂದ್ರು?"

"ದೀಪ ಅಂತು."

ಜಾಕಣ್ಣ ಕಾಗದ ಇಸಕೊಂಡು ಮಡಚಿ ಜೇಬಿಗಿಟ್ಟ.

"ಬಿಡಿ ಭಾವ," ಅಂದ ಭಾಮೈದ. "ಅಕ್ಕನೇ ಹೋದ್ಲು. ಇನ್ನು ಹಾಸಿಗೆ ನೆಟ್ಟಗಿದ್ರೆಷ್ಟು, ಸೊಟ್ಟಗಿದ್ರೆಷ್ಟು."

"ಅವಳು ಸುಳ್ಳು ಹೇಳ್ತಿರಲಿಲ್ಲ."

"ಯಾರು ಇಲ್ಲ ಅಂದ್ರು? ಕಾಯಿಲೆಯವರಿಗೆ ಒಂದೊಂದ್ಸಲ ಹಾಗನಿಸುತ್ತೆ."

"ಅವಳಿಗೆ ಅನಿಸಲ್ಲ."

ಇದು ನಿಜ. ಆಕೆ ಮೂವತ್ತೊಂದು ವರ್ಷ ಕಿಟಕಿ ಪರದೆಗಳಿಗೆ ಅಂಚು ಹೊಲಿದವಳು. ಸೀಮೆಸುಣ್ಣದ ಗೆರೆ ಎಳೆಯುತ್ತಿರಲಿಲ್ಲ. ಕಣ್ಣಳತೆಯಲ್ಲೇ ಆರು ಮಾರು ಬಟ್ಟೆ ನೂಲು ಹಿಡಿದ ಹಾಗೆ ಹೊಲಿಯುತ್ತಿದ್ದಳು. ಗೋಡೆಯ ಕ್ಯಾಲೆಂಡರು ಅರ್ಧ ಬೆರಳು ಸೊಟ್ಟಗಿದ್ದರೆ ತಟ್ಟೆ ಮುಂದೆ ಕೂತವಳು ಎದ್ದು ಹೋಗಿ ಸರಿಮಾಡಿ ಬರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಜಾಕಣ್ಣನನ್ನೂ ಹೀಗೇ ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮ ಎಡಭುಜ ಸ್ವಲ್ಪ ಇಳಿದಿದೆ, ಇರಲಿ ಬಿಡಿ" ಅಂದಿದ್ದಳು.

ಕಚೇರಿಯಲ್ಲಿ ದೂರು ಶಾಖೆಯ ಗುಮಾಸ್ತ ಒಳ್ಳೆಯ ಮನುಷ್ಯ. ಎದ್ದು ನಿಂತು ಕುರ್ಚಿ ಕೊಟ್ಟ. ಆಮೇಲೆ ಪುಸ್ತಕ ತೆರೆದ.

"ದೂರುದಾರರು ಬಂದಿದ್ದಾರಾ?"

"ತೀರಿಹೋದಳು ಸ್ವಾಮಿ."

"ಅಂದ್ರೆ ಗೈರುಹಾಜರು."

"ತೀರಿಹೋದಳು."

"ಅದಕ್ಕೇ ಹೇಳಿದ್ದು. ಪುಸ್ತಕದಲ್ಲಿ ಹಾಜರು, ಗೈರುಹಾಜರು ಎರಡೇ ಖಾನೆ ಇರೋದು. ಮೂರನೇದು ಬೇಕಂದ್ರೆ ಮುದ್ರಣ ಶಾಖೆಗೆ ಬರೀಬೇಕು. ಅವರು ಎರಡು ವರ್ಷ ತಗೋತಾರೆ. ಅಲ್ಲೀವರೆಗೆ ನಿಮ್ಮ ಮನೆಯವರು ಗೈರುಹಾಜರಾಗೇ ಇರಲಿ. ನಿಮಗೇನು ತೊಂದರೆ?"

ಜಾಕಣ್ಣ ಯೋಚನೆ ಮಾಡಿದ. "ತೊಂದರೆ ಇದೆ" ಅಂದ.

"ಏನು?"

"ಮನೇಲಿ ಇಲ್ಲ."

ಗುಮಾಸ್ತ ಪೆನ್ನು ಕೆಳಗಿಟ್ಟ.

"ನೋಡಿ ಯಜಮಾನ್ರೆ, ಗಾಡೀಲಿ ದೋಷ ಇದೆ ಅಂತ ತೋರಿಸಿಕೊಟ್ರೆ ಪದ ಬದಲಾಯಿಸಬಹುದು. 'ಸಾಧಾರ' ಅಂತ ಇನ್ನೊಂದು ಮೊಹರಿದೆ. ಇಲ್ಲೀವರೆಗೆ ಒಂದ್ಸಲವೂ ಒತ್ತಿಲ್ಲ. ರಬ್ಬರು ಇನ್ನೂ ಹೊಸದಾಗೇ ಇದೆ." ಡ್ರಾಯರ್ ಎಳೆದು ತೋರಿಸಿಯೂ ತೋರಿಸಿದ. ಹೊಸದಾಗೇ ಇತ್ತು.

ಸೋಮವಾರ ಗಾಡಿಗೆ ರಜೆ. ಕಚೇರಿಯ ಹಿಂದಿನ ಅಂಗಳದಲ್ಲಿ ನಿಂತಿತ್ತು. ಜಾಕಣ್ಣ ತನ್ನ ಚೀಲ ತಂದ. ಡ್ರೈವರು ಬೇಡ ಅನ್ನಲಿಲ್ಲ. ನೋಡಲು ಅನುಮತಿ ಬೇಕೆಂದು ಯಾವ ಆದೇಶದಲ್ಲೂ ಇರಲಿಲ್ಲ, ರಿಪೇರಿ ಮಾಡಲು ಮಾತ್ರ ಬೇಕಿತ್ತು.

ಮೊದಲು ಎಣ್ಣೆ ನೋಡಿದ. ಕಾಲುಗಳನ್ನೆಲ್ಲ ಮೇಲೆಳೆಸಿ ಟ್ಯಾಂಕಿಗೆ ಕಡ್ಡಿ ಇಳಿಸಿದ. ಗೆರೆ ತನಕ ಎಣ್ಣೆ ಇತ್ತು. ಪೈಪಿನ ಕೀಲುಗಳಿಗೆ ಒಣಬಟ್ಟೆ ಒತ್ತಿದ. ಬಟ್ಟೆ ಒಣಗಿಯೇ ಇತ್ತು. ಕಾಲುಗಳನ್ನು ಇಳಿಸಿ, ಗಾಡಿ ಎತ್ತಿಸಿ, ನಾಲ್ಕು ಕಾಲಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದು ಗಂಟೆ ಸುಮ್ಮನೆ ಕೂತ. ಕಾಲು ಎಲ್ಲಾದರೂ ಒಳಗೊಳಗೇ ಸೋರಿ ಇಳಿಯುತ್ತಿದ್ದರೆ ಗುರುತು ಮುಚ್ಚಿಹೋಗುತ್ತದೆ. ಮುಚ್ಚಿಹೋಗಲಿಲ್ಲ. ಜಾಕುಗಳು ಕಲ್ಲಿನ ಹಾಗಿದ್ದವು.

ಆಮೇಲೆ ಒಳಗೆ ಹೋಗಿ ಗಾಡಿಯ ನೆಲದ ಮೇಲೆ ರಸಮಟ್ಟ ಇಟ್ಟ. ಹಸಿರು ದೀಪ ಉರಿಯುತ್ತಿತ್ತು. ಗಾಜಿನ ಕೊಳವೆಯೊಳಗಿನ ಗುಳ್ಳೆ ಸೀದಾ ಬಲಕ್ಕೆ ಹೋಗಿ ಕೂತಿತು. ಅಂದರೆ ಎಡಗಡೆ ತಗ್ಗು. ಎಷ್ಟು ತಗ್ಗು ಎಂದು ಅಳೆದ. ಮಂಚದ ಅಗಲಕ್ಕೆ ಎರಡು ಬೆರಳು.

"ಕಾಲು ಸರಿ ಇದೆ. ಇದರ ತಲೆ ಕೆಟ್ಟಿದೆ," ಅಂದ. "ಮಟ್ಟ ಅಂದ್ರೆ ಯಾವುದು ಅಂತ ಇದಕ್ಕೆ ಯಾರೋ ತಪ್ಪು ಕಲಿಸಿದ್ದಾರೆ."

ಡ್ರೈವರು ಸುತ್ತ ನೋಡಿದ. "ಯಾರೋ ಅಂತ ಯಾಕಂತೀರಣ್ಣ? ಉದ್ಘಾಟನೆಗೆ ಬಂದಿದ್ದ ಗಣ್ಯರೇ ಕಲಿಸಿದ್ದು."

ಅವನು ಹೇಳಿದ ಸಂಗತಿ ಹೀಗಿದೆ. ಉದ್ಘಾಟನೆಯ ದಿನ ಬಲಗಡೆ ವೇದಿಕೆ ಹಾಕಿದ್ದರು. ಜಾಗ ಸಾಲದೆ ಗಾಡಿಯ ಎಡಚಕ್ರಗಳು ಚರಂಡಿ ಪಕ್ಕದ ತಗ್ಗಿಗಿಳಿದಿದ್ದವು. ಗಣ್ಯರು ಬಂದು ಗುಂಡಿ ಒತ್ತಬೇಕಿತ್ತು. ಗುಂಡಿ ಎರಡಿವೆ. ದೊಡ್ಡದು ಗಾಡಿಯನ್ನು ಮಟ್ಟಕ್ಕೆ ತರಲು. ಚಿಕ್ಕದು, ಈಗ ನಿಂತಿರುವುದೇ ಮಟ್ಟ ಎಂದು ಗಾಡಿಗೆ ಕಲಿಸಲು. ಚಿಕ್ಕದನ್ನು ಯಾರೂ ಅಪ್ಪಿತಪ್ಪಿ ಒತ್ತಬಾರದೆಂದು, ಹತ್ತು ಸೆಕೆಂಡು ಬಿಡದೆ ಒತ್ತಿದರೆ ಮಾತ್ರ ಕೆಲಸ ಮಾಡುವ ಹಾಗೆ ಮಾಡಿದ್ದಾರೆ. ಹತ್ತು ಸೆಕೆಂಡು ಸುಮ್ಮನೆ ಗುಂಡಿ ಒತ್ತಿಕೊಂಡು ನಿಲ್ಲುವವರು ಯಾರಿದ್ದಾರೆ ಎಂದು ಗಾಡಿ ಮಾಡಿದವರು ಅಂದುಕೊಂಡಿರಬೇಕು. ಅವರು ಉದ್ಘಾಟನೆಗಳಿಗೆ ಹೋದವರಲ್ಲ.

"ದೊಡ್ಡ ಗುಂಡಿ ಮೇಲೆ ಬೆರಳಿಟ್ರೆ ಮುಖಕ್ಕೆ ನೆರಳು ಬೀಳ್ತಿತ್ತು," ಅಂದ ಡ್ರೈವರು. "ಫೋಟೋದವನು 'ಸಾರ್, ಚಿಕ್ಕದರ ಮೇಲಿಡಿ ಸಾರ್' ಅಂದ. ಇಟ್ರು. 'ಹಾಗೇ ಇರಿ ಸಾರ್, ಇನ್ನೊಂದು ಸಾರ್, ಸ್ವಲ್ಪ ನಗಿ ಸಾರ್' ಅಂದ. ನಕ್ಕರು. ಅಷ್ಟರಲ್ಲಿ ಗಾಡಿ ಮೂರು ಸಲ ಕೂಗ್ತು. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ."

"ಅವತ್ತಿಂದ ನಿನಗೆ ಗೊತ್ತು?"

"ಗೊತ್ತಿಲ್ದೆ ಏನು? ಮಧ್ಯಾಹ್ನ ಮಂಚದ ಮೇಲೆ ಮಲಗಿ ಎರಡು ಸಲ ಉರುಳಿದೀನಿ. ಈಗ ನೆಲದ ಮೇಲೇ ಮಲಗೋದು. ನೆಲದಿಂದ ಕೆಳಗೆ ಬೀಳೋಕೆ ಜಾಗ ಇಲ್ಲವಲ್ಲ."

ರಸಮಟ್ಟ ನೋಡಿಕೊಂಡು ಗಾಡಿಯನ್ನು ಕೈಯಾರೆ ಮಟ್ಟಕ್ಕೆ ತರಬೇಕು. ಚಿಕ್ಕ ಗುಂಡಿಯನ್ನು ಹತ್ತು ಸೆಕೆಂಡು ಒತ್ತಬೇಕು. ಅಷ್ಟೇ ರಿಪೇರಿ. ಹೆಚ್ಚೆಂದರೆ ಕಾಲು ಗಂಟೆ. ಪುಕ್ಕಟೆ ಮಾಡಿಕೊಡುತ್ತೇನೆ ಎಂದು ಜಾಕಣ್ಣ ಇಲಾಖೆಯ ಸಾಹೇಬರ ಮುಂದೆ ಹೋಗಿ ನಿಂತ.

ಸಾಹೇಬರು ಎಲ್ಲ ಕೇಳಿದರು. ಅರ್ಥವೂ ಮಾಡಿಕೊಂಡರು. ಮೂರ್ಖರೇನಲ್ಲ.

"ಆ ಗುಂಡಿ ಮೇಲೆ ಗಾಜು ಹಾಕಿಸಿದ್ದೀವಿ, ನೋಡಿದಿರಾ? ಪಕ್ಕದಲ್ಲಿ ಹಿತ್ತಾಳೆ ಫಲಕ ಇದೆ. ಗಣ್ಯರು ಅಮೃತಹಸ್ತದಿಂದ ಒತ್ತಿದ ಗುಂಡಿ ಅಂತ. ಅದನ್ನ ಇನ್ನೊಬ್ಬರು ಒತ್ತಿದ್ರೆ ಎರಡನೇ ಉದ್ಘಾಟನೆ ಆಗುತ್ತೆ. ಒಂದು ಗಾಡಿಗೆ ಎರಡು ಉದ್ಘಾಟನೆ ಮಾಡೋ ಹಾಗಿಲ್ಲ. ಮೊದಲನೇದನ್ನ ರದ್ದು ಮಾಡಬೇಕು."

"ಮಾಡಿ ಸ್ವಾಮಿ."

"ಮಾಡಿದ್ರೆ, ಇಷ್ಟು ದಿನ ಉದ್ಘಾಟನೆ ಆಗದ ಗಾಡೀಲಿ ಚಿಕಿತ್ಸೆ ಕೊಟ್ಟ ಹಾಗಾಗುತ್ತೆ. ನಾನೂರ ಹನ್ನೆರಡು ಜನ ಗುಣವಾಗಿದ್ದಾರೆ. ಅವರು ಗುಣವಾಗಿದ್ದೂ ರದ್ದು. ಅವರನ್ನೆಲ್ಲ ಕರೆಸಿ ನಿಮ್ಮ ಕಾಯಿಲೆ ವಾಪಸ್ ತಗೊಳ್ಳಿ ಅನ್ನಲಾ?"

ಸಾಹೇಬರು ಜಾಕಣ್ಣನ ಹೆಗಲ ಮೇಲೆ ಕೈಯಿಟ್ಟು, ಮೂವರು ಅಧಿಕಾರಿಗಳ ಸಮತಟ್ಟು ಪರಿಶೀಲನಾ ಸಮಿತಿ ರಚಿಸಿದರು.

ಸಮಿತಿ ಗಾಡಿಯೊಳಗೇ ಸಭೆ ಸೇರಿತು. ಒಬ್ಬರು ಬರಲಿಲ್ಲ. ಅವರ ಅಭಿಪ್ರಾಯವನ್ನು ಸರ್ವಾನುಮತಕ್ಕೆ ಸೇರಿಸಿಕೊಳ್ಳಲಾಯಿತು. ಮಡಚುವ ಮೇಜಿನ ಮೇಲೆ ಟೀ ಇಟ್ಟರು. ಲೋಟಗಳು ಎಡಕ್ಕೆ ಜಾರತೊಡಗಿದವು. ಸದಸ್ಯರು ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಬರೆದುಕೊಂಡರು. 'ಸಭೆಯುದ್ದಕ್ಕೂ ಲೋಟಗಳು ಸ್ಥಿರವಾಗಿದ್ದವು' ಎಂದು ನಡವಳಿಯಲ್ಲಿ ದಾಖಲಾಗಿದೆ. ಕೈಗಳ ಬಗ್ಗೆ ಬರೆದಿಲ್ಲ.

ಜಾಕಣ್ಣ ಅವರ ಕಣ್ಣೆದುರೇ ರಸಮಟ್ಟ ಇಟ್ಟ. ಗುಳ್ಳೆ ಬಲಕ್ಕೆ ಹೋಯಿತು. ಮೂರು ಸಲ ಇಟ್ಟ, ಮೂರು ಸಲವೂ ಹೋಯಿತು.

ಅಧ್ಯಕ್ಷರು ಕನ್ನಡಕ ತೆಗೆದು ನೋಡಿದರು. "ಇದು ಎಷ್ಟು ವರ್ಷದ್ದು?"

"ಇಪ್ಪತ್ತು ವರ್ಷದ್ದು ಸ್ವಾಮಿ."

"ಅದೇ ಮತ್ತೆ! ಗಾಡಿ ನಾವು ಕೊಂಡಿದ್ದು ಹೋದ ವರ್ಷ. ಹಳೇದನ್ನ ಇಟ್ಕೊಂಡು ಹೊಸದನ್ನ ಅಳೆಯೋಕಾಗುತ್ತೇನ್ರಿ?"

ಹದಿನಾರನೆಯ ದಿನ ಆದೇಶ ಹೊರಬಿತ್ತು.

"ಒಂದು: ಸಂಚಾರಿ ಆರೈಕೆ ವಾಹನವು ಸಮತಟ್ಟಾಗಿದೆ. ಎರಡು: ಇದಕ್ಕೆ ಭಿನ್ನವಾದ ಮಟ್ಟವನ್ನು ತೋರಿಸಿದ ರಸಮಟ್ಟವನ್ನು ಮುಟ್ಟುಗೋಲು ಹಾಕಿಕೊಳ್ಳಲಾಗಿದೆ. ಮೂರು: ಇಲಾಖೆಯ ಎಲ್ಲ ರಸಮಟ್ಟಗಳನ್ನು ಸದರಿ ವಾಹನದ ನೆಲದ ಮೇಲಿಟ್ಟು, ಗುಳ್ಳೆ ನಿಂತ ಜಾಗಕ್ಕೆ ಹೊಸ ಗೆರೆ ಎಳೆಯತಕ್ಕದ್ದು. ನಾಲ್ಕು: ಸಮತಟ್ಟಾದ ಸರ್ಕಾರಿ ಹಾಸಿಗೆಯ ಕಾಲಿನ ಕೆಳಗೆ ಬಟ್ಟೆ, ರಟ್ಟು, ಮರದ ತುಂಡು ಇತ್ಯಾದಿ ಇಟ್ಟು ವಾಲಿಸುವುದು ಶಿಕ್ಷಾರ್ಹ."

ನಾಲ್ಕನೆಯದು ಸಿಸ್ಟರಿಗೆ ಹೇಳಿದ್ದು. ಅವರು ಟವೆಲು ಮಡಚಿ ಮಂಚದ ಕಾಲಿಗೆ ಕೊಟ್ಟಿದ್ದನ್ನು ಸಮಿತಿ ಕಂಡುಹಿಡಿದಿತ್ತು.

ಆಮೇಲಿನದು ನಿಯಮದ ಪ್ರಕಾರವೇ ನಡೆಯಿತು. ಆಗ ಇಲಾಖೆಯ ಹೊಸ ಕಟ್ಟಡ ಏಳುತ್ತಿತ್ತು. ಗಾರೆ ಮೇಸ್ತ್ರಿಗಳಿಗೆ ಹೊಸ ಗೆರೆಯ ರಸಮಟ್ಟ ಕೊಟ್ಟರು. ಹಿರಿಯ ಮೇಸ್ತ್ರಿ ಎರಡು ದಿನ ಗೊಣಗಿದ. ಮೂರನೇ ದಿನ, ನನಗೇನು ಹೋಗಬೇಕು ಎಂದು ಕೆಲಸ ಮುಗಿಸಿದ. ನೆಲ ಎಡಕ್ಕಿಳಿಯಿತು. ಕಡತಗಳು ಬಲತುದಿಯ ಮೇಜಿನಿಂದ ಎಡತುದಿಯ ಮೇಜಿಗೆ ತಾವಾಗಿಯೇ ಜಾರಿ ಬರತೊಡಗಿದವು. ಕಡತಗಳ ಚಲನೆ ಹಿಂದೆಂದೂ ಇಲ್ಲದಷ್ಟು ಚುರುಕಾಗಿದೆ ಎಂದು ವಾರ್ಷಿಕ ವರದಿಯಲ್ಲಿ ಮೆಚ್ಚುಗೆ ಬಂತು. ಎಡತುದಿಯ ಮೇಜಿನವನು ರಜೆ ಹಾಕಿದ.

ಆ ನೆಲದ ಮೇಲೆ ನಡೆಯುವವರಿಗೆ ಕಾಲು ನೋವು ಬಂದಾಗ, ಎಡಹಿಮ್ಮಡಿ ದಪ್ಪಗಿರುವ ಚಪ್ಪಲಿ ಬಂತು. ರೋಗಿಗಳು ಉರುಳಿದಾಗ ಮಂಚಕ್ಕೆ 'ಸಮತಟ್ಟು ಪಟ್ಟಿ' ಬಂತು. ಸಮತಟ್ಟಾದ ಹಾಸಿಗೆಯಿಂದ ಬೀಳದ ಹಾಗೆ ರೋಗಿಯನ್ನು ಕಟ್ಟುವ ಪಟ್ಟಿ ಅದು. ಚಪ್ಪಲಿಯನ್ನೂ ಪಟ್ಟಿಯನ್ನೂ ಸರಬರಾಜು ಮಾಡಿದವರು ಸಾಹೇಬರ ಷಡ್ಡಕ. ಅವರು ಷಡ್ಡಕ ಆಗಿರುವುದು ಕಾಕತಾಳೀಯ ಎಂದು ಸಾಹೇಬರೇ ಬರೆದು ಸಹಿ ಮಾಡಿದ್ದಾರೆ.

ಪಟ್ಟಿಯ ಕೊಕ್ಕೆ ಎರಡನೇ ವಾರಕ್ಕೆ ಕಿತ್ತುಬಂತು. ಒಬ್ಬ ಮುದುಕಿ ಉರುಳಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. 'ರೋಗಿಯು ಸಮತಟ್ಟಾದ ಹಾಸಿಗೆಯಿಂದ ಸ್ವಇಚ್ಛೆಯಿಂದ ಇಳಿದಿರುತ್ತಾರೆ' ಎಂದು ವರದಿಯಾಯಿತು.

ಜಾಕಣ್ಣ ವಾರಕ್ಕೊಂದು ಅರ್ಜಿ ಕೊಡುತ್ತಲೇ ಇದ್ದ. ಭಾಮೈದ ಬರೆಯುತ್ತಿದ್ದ. ಎಲ್ಲದರಲ್ಲೂ ಒಂದೇ ವಾಕ್ಯ: ಆ ಪದ ತೆಗೆಯಿರಿ, ಹಾಸಿಗೆ ಸರಿಮಾಡಿರಿ. ಹನ್ನೊಂದನೇ ಅರ್ಜಿಗೆ ಸಾಹೇಬರು ಕರೆಸಿದರು. ಈ ಸಲ ಅವರ ಮುಖ ಅರಳಿತ್ತು.

"ನಿಮ್ಮ ಸಮಸ್ಯೆಗೆ ದಾರಿ ಸಿಕ್ಕಿದೆ ಯಜಮಾನ್ರೆ. ಹಾಸಿಗೆ ವಾಲಿಸೋದು ಅಪರಾಧ. ಆದ್ರೆ ಚಿಕಿತ್ಸೆಗಾಗಿ ವಾಲಿಸಿದ್ರೆ ಅಪರಾಧ ಅಲ್ಲ. ನಮ್ಮ ವೈದ್ಯಾಧಿಕಾರಿಗಳು ಒಂದು ಹೊಸ ಕಾಯಿಲೆ ಕಂಡುಹಿಡಿದಿದ್ದಾರೆ. 'ಬಲವಾಲು.' ದೇಹ ಬಲಕ್ಕೆ ವಾಲಿರುತ್ತೆ. ಅದಕ್ಕೇ ಮಟ್ಟದ ಹಾಸಿಗೆ ಎಡಕ್ಕೆ ಇಳಿದ ಹಾಗೆ ಕಾಣುತ್ತೆ. ಈ ತಿಂಗಳು ಬಂದ ಎಪ್ಪತ್ತನಾಲ್ಕು ರೋಗಿಗಳಲ್ಲಿ ಎಪ್ಪತ್ತನಾಲ್ಕೂ ಮಂದಿಗೆ ಇದೆ. ಹಾಸಿಗೆಯನ್ನ ಬಲಕ್ಕೆ ಎರಡು ಬೆರಳು ವಾಲಿಸಿದ್ರೆ ತಕ್ಷಣ ಗುಣ."

"ಹಾಗಾದ್ರೆ ವಾಲಿಸಿ ಸ್ವಾಮಿ."

"ಕಾಯಿಲೆಗೆ ಅನುಮೋದನೆ ಸಿಗಬೇಕು. ಅದಕ್ಕೆ ಮೊದಲನೇ ರೋಗಿಯ ಹೆಸರು ಬೇಕು. ದಾಖಲೆ ಪ್ರಕಾರ ಹಾಸಿಗೆ ವಾಲಿದೆ ಅಂತ ಬಂದ ಮೊದಲ ದೂರು ಕ್ರಮಸಂಖ್ಯೆ ಇನ್ನೂರ ಆರು." ಒಂದು ಹಾಳೆ ಮುಂದೆ ತಳ್ಳಿದರು. ತಳ್ಳಬೇಕಾಗಿರಲಿಲ್ಲ, ಅದೇ ಜಾರಿ ಬಂತು. "ಇದರಲ್ಲಿ ನಿಮ್ಮ ಸಹಿ ಆಗಬೇಕು."

ಸಿಸ್ಟರ್ ಬಾಗಿಲ ಹತ್ತಿರ ನಿಂತಿದ್ದರು. ಜಾಕಣ್ಣ ಅವರ ಕೈಗೆ ಹಾಳೆ ಕೊಟ್ಟ. ಅವರು ಮೆಲ್ಲಗೆ ಓದಿದರು: "ನನ್ನ ಪತ್ನಿಯು ಬಲಕ್ಕೆ ವಾಲಿದ್ದರೆಂದೂ, ಹಾಸಿಗೆಯ ಬಗ್ಗೆ ಅವರು ಆಡಿದ ಮಾತು ಸದರಿ ಕಾಯಿಲೆಯ ಲಕ್ಷಣವೆಂದೂ ಒಪ್ಪಿರುತ್ತೇನೆ."

"ಆ ಪದ?" ಅಂದ ಜಾಕಣ್ಣ.

"ನಿರಾಧಾರ ಅನ್ನೋದನ್ನ ತೆಗೀತೀವಿ," ಅಂದರು ಸಾಹೇಬರು. "ಅಲ್ಲಿ 'ರೋಗಲಕ್ಷಣ' ಅಂತ ಬರುತ್ತೆ. ಅದಕ್ಕಿಂತ ಮರ್ಯಾದೆ ಇನ್ನೇನು ಬೇಕು?"

ಜಾಕಣ್ಣ ಸಿಸ್ಟರನ್ನು ನೋಡಿದ.

"ಸಹಿ ಹಾಕಿದ್ರೆ ಅವಳೇ ಸೊಟ್ಟ ಅಂತ ಆಯ್ತು."

"ಹೌದಣ್ಣ."

"ಅವಳು ಸೊಟ್ಟ ಇರಲಿಲ್ಲ."

"ನನಗೆ ಗೊತ್ತಣ್ಣ. ಅವತ್ತು ಅವರ ಬೆನ್ನಿಗೆ ಕೈ ಕೊಟ್ಟು ಹಿಡಿದಿದ್ದವಳು ನಾನೇ."

"ಹಾಕದಿದ್ರೆ?"

"ನಾಳೆ ಏಳು ಜನ ಬರ್ತಾರೆ. ಒಬ್ಬಳು ತುಂಬು ಬಸುರಿ. ಪಟ್ಟಿ ಕಟ್ಟೋಕಾಗಲ್ಲ."

ಸಾಹೇಬರು ಎರಡು ಕಡತ ಮುಗಿಸಿದರು. ಆಮೇಲೆ ಜಾಕಣ್ಣ ಪೆನ್ನು ಕೇಳಿ ಇಸಕೊಂಡು, ಮೇಜಿನ ಮೇಲೆ ಹಾಳೆ ಜಾರದಂತೆ ಎಡಗೈಯಲ್ಲಿ ಒತ್ತಿ ಹಿಡಿದು, ಒಂದೊಂದೇ ಅಕ್ಷರ ಬರೆದ. ಸಾಹೇಬರು ಎದ್ದು ಕೈಕುಲುಕಿದರು. ಗುಮಾಸ್ತ ಬಂದು ಕೈಕುಲುಕಿದ. ಮನೆಗೆ ಬಂದಾಗ ಭಾಮೈದ, "ಒಳ್ಳೆ ಕೆಲಸ ಮಾಡಿದ್ರಿ ಭಾವ, ಒಂದು ಕಾಯಿಲೆಗೆ ಅಕ್ಕನ ಹೆಸರು ಬಂದ ಹಾಗಾಯ್ತು" ಅಂದ. ಅವನು ಕುಚೋದ್ಯಕ್ಕೆ ಹೇಳಿದ್ದಲ್ಲ.

ಕಾಯಿಲೆಗೆ ಅಂದೇ ಅನುಮೋದನೆ ಸಿಕ್ಕಿತು. ಹಾಸಿಗೆ ವಾಲಿಸುವ ಮರದ ತುಂಡುಗಳ ಸರಬರಾಜು ಷಡ್ಡಕರಿಗೆ ಹೋಗಿದೆ. ಅವು ಬರುವವರೆಗೆ ಸಾರ್ವಜನಿಕರು ಸ್ವಂತ ತುಂಡು ತರಬಹುದೆಂದು ಸೂಚನಾ ಫಲಕದಲ್ಲಿ ಹಾಕಿದ್ದಾರೆ.

ಮಾರನೆಯ ಬೆಳಿಗ್ಗೆ ಜಾಕಣ್ಣ ಗ್ಯಾರೇಜಿನಲ್ಲಿ ಎರಡು ಮರದ ತುಂಡು ಕೊಯ್ದು, ಅಂಚು ಉಜ್ಜಿ, ಅಂಗಳಕ್ಕೆ ತಂದ. ಗಾಡಿಯೊಳಗೆ ಮಂಡಿಯೂರಿ, ಮಂಚದ ಎಡಗಡೆಯ ಎರಡು ಕಾಲಿಗೆ ತುಂಡು ಕೊಟ್ಟ. ಒಂದು ಬಟ್ಟಲು ನೀರು ತುಂಬಿ ಮಂಚದ ನಡುವೆ ಇಟ್ಟು, ನೀರು ನಿಲ್ಲುವ ತನಕ ಕಾದ. ಸುತ್ತಲೂ ಒಂದೇ ಸಮ ನಿಂತಿತು. ಸಿಸ್ಟರ್ ಹೊಸ ರಿಜಿಸ್ಟರು ತೆರೆದು, 'ಸಮತಟ್ಟಾಗಿದ್ದ ಹಾಸಿಗೆಯನ್ನು ಬಲಕ್ಕೆ ಎರಡು ಬೆರಳು ವಾಲಿಸಲಾಗಿದೆ' ಎಂದು ಬರೆದು, ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದರು. ಕೊನೆಯ ಅಂಕಣದಲ್ಲಿ 'ವಾಲಿಸಿದವರ ಸಹಿ' ಎಂದಿತ್ತು. ಜಾಕಣ್ಣ ಸಹಿ ಹಾಕಿದ. ಹಾಕಿ, ಮೆಟ್ಟಿಲಿಳಿದು ಹೋಗಿ, ಆ ಬಸುರಿ ಹೆಂಗಸಿನ ಕೈಯಿಂದ ಚೀಲ ಇಸಕೊಂಡ.